ಗ್ಯಾರೇಜಿನಲ್ಲಿ ಬೀಡುಬಿಡುವ ಚಾಲಕನೋ, ಓಡಿಸಿ ಹೊರಡುವವನೋ?

ರೇಸಿಂಗ್ ತಂಡಕ್ಕೆ ಚಾಲಕನನ್ನು ಆರಿಸುವಾಗ ವೇಗವನ್ನು ಎಲ್ಲರೂ ಅಳೆಯುತ್ತಾರೆ, ಕಾರಿನಿಂದ ಇಳಿದ ಮೇಲೆ ಆತ ಏನು ಮಾಡುತ್ತಾನೆಂದು ನೋಡುವವರು ಕಡಿಮೆ.

ಬೀಡುಬಿಡುವವರಿಗೆ ಫಾರ್ಮುಲಾ ಒನ್ ಚಾಲಕ ಮೈಕೇಲ್ ಶುಮಾಕರ್ ಮಾದರಿ. 1996ರಲ್ಲಿ ಫೆರಾರಿಗೆ ಬಂದಾಗ ಆ ತಂಡಕ್ಕೆ 1979ರಿಂದ ಚಾಲಕರ ಪ್ರಶಸ್ತಿಯ ಬರ. ಫೆರಾರಿಯ ಸ್ವಂತ ಫಿಯೊರಾನೊ ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಪರೀಕ್ಷೆ, ಎಂಜಿನಿಯರುಗಳೊಂದಿಗೆ ದೀರ್ಘ ಚರ್ಚೆ. ಚಾಲಕನೇ ಹೊತ್ತು ಮೀರಿ ದುಡಿಯುತ್ತಿದ್ದರೆ ಮೆಕ್ಯಾನಿಕ್ ಗಡಿಯಾರ ನೋಡುವುದಿಲ್ಲ. 2000ದಿಂದ 2004ರವರೆಗೆ ಸತತ ಐದು ಪ್ರಶಸ್ತಿ ಬಂದವು. ಅದರಲ್ಲಿ ತಂಡದ ಮುಖ್ಯಸ್ಥ ಜೀನ್ ಟಾಡ್, ತಾಂತ್ರಿಕ ನಿರ್ದೇಶಕ ರಾಸ್ ಬ್ರಾನ್, ಕಾರಿನ ವಿನ್ಯಾಸಕ ರೋರಿ ಬರ್ನ್ ಅವರ ಪಾಲೂ ದೊಡ್ಡದು, ಅಭಿಮಾನಿಗಳು ಇದನ್ನು ಮರೆಯುತ್ತಾರೆ. ಇದಕ್ಕೆ ಬೆಲೆಯೂ ಇದೆ: ತಂಡ ಒಬ್ಬನ ಸುತ್ತ ತಿರುಗತೊಡಗುತ್ತದೆ. 2002ರ ಆಸ್ಟ್ರಿಯಾದ ಓಟದಲ್ಲಿ ಮುಂದಿದ್ದ ತಂಡದ ಜೊತೆಗಾರ ಬ್ಯಾರಿಕೆಲೊ, ಅಂತಿಮ ಗೆರೆಯ ಹತ್ತಿರ ಶುಮಾಕರ್‌ಗೆ ದಾರಿ ಬಿಡಬೇಕಾಯಿತು.

ಎರಡನೆಯ ಬಗೆ ಕಿಮಿ ರೈಕೊನೆನ್. ಮಾತು ಕಡಿಮೆ, ರಾಜಕೀಯ ಇಲ್ಲ. 2007ರಲ್ಲಿ, ಫೆರಾರಿಯ ಮೊದಲ ವರ್ಷದಲ್ಲೇ, ಒಂದೇ ಅಂಕದಿಂದ ಪ್ರಶಸ್ತಿ ಗೆದ್ದ. ಆದರೆ ಅವನ ಕೈಗೆ ಸಿಕ್ಕಿದ್ದು ಕಟ್ಟಿ ಮುಗಿಸಿದ ಮನೆ.

ಹಾಗಾಗಿ ಕಾರು ಇನ್ನೂ ಪಕ್ವವಾಗಿಲ್ಲದಿದ್ದರೆ ಮೊದಲನೆಯವನನ್ನೇ ಆರಿಸಿ. ಗಟ್ಟಿ ತಾಂತ್ರಿಕ ಬಳಗವಿದ್ದರೆ ಎರಡನೆಯವನು ಸಾಕು, ನೆಮ್ಮದಿಯೂ ಉಳಿಯುತ್ತದೆ. ಅನುಮಾನವಿದ್ದರೆ ಪರೀಕ್ಷಾ ಓಟದ ನಂತರ ಕಾರು ಹೇಗಿತ್ತು ಎಂದು ಕೇಳಿ. "ಚೆನ್ನಾಗಿಲ್ಲ" ಎಂದರೆ ಎಂಜಿನಿಯರಿಗೆ ಕೆಲಸವಿಲ್ಲ. "ಮೂರನೇ ತಿರುವಿಗೆ ನುಗ್ಗುವಾಗ ಮುಂಭಾಗ ತಿರುಗುವುದಿಲ್ಲ, ಹೊರಬರುವಾಗ ಹಿಂಭಾಗ ಜಾರುತ್ತದೆ" ಎಂದರೆ ಆ ರಾತ್ರಿಯೇ ಸ್ಪ್ಯಾನರ್ ಹಿಡಿಯಬಹುದು.