ಡಾಕ್ಟರ್ ಬರೆದದ್ದೋ, ಡಾಕ್ಟರ್ ಪರಿಶೀಲಿಸಿದ್ದೋ?

ಮನೆಮಂದಿಯ ಆರೋಗ್ಯದ ಬಗ್ಗೆ ಮೊಬೈಲಿನಲ್ಲಿ ಸಿಗುವ ನಂಬುವಂಥ ಬರಹ ಎರಡು ಬಗೆ. ಒಂದು, ಡಾಕ್ಟರೇ ಬರೆದದ್ದು. ಇನ್ನೊಂದು, ಬೇರೆಯವರು ಬರೆದು, ಡಾಕ್ಟರು ತಿದ್ದಿ, ಪರಿಶೀಲಿಸಿದ ತಾರೀಖು ಹಾಕಿದ್ದು. ಮೊದಲನೆಯದೇ ಮೇಲು ಅನಿಸುತ್ತದೆ, ಅಲ್ವಾ? ನನ್ನ ಓಟು ಎರಡನೆಯದಕ್ಕೆ.

ಮಂಗನ ಕಾಯಿಲೆಯನ್ನೇ ನೋಡಿ. ಬೇಸಿಗೆ ಬಂತೆಂದರೆ ಸಿದ್ದಾಪುರದ ಕಡೆ ಇದರದೇ ಭಯ. ಹಳೆಯ ಬರಹಗಳು ‘ತಪ್ಪದೆ ಲಸಿಕೆ ಹಾಕಿಸಿ’ ಎನ್ನುತ್ತವೆ. ಬರೆದ ಕಾಲಕ್ಕೆ ಅದು ಸರಿಯೇ. ಆದರೆ ಪರಿಣಾಮ ಸಾಲದೆಂದು ಆ ಲಸಿಕೆ ಕೊಡುವುದನ್ನೇ ನಿಲ್ಲಿಸಿದ್ದಾರೆ. ಈ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಡೇಪಾ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಕಾಡಿಗೆ ಹೋಗಿ ಎನ್ನುವುದು ಈಗಿನ ಸಲಹೆ. ತಾರೀಖೇ ಇಲ್ಲದಿದ್ದರೆ ಓದುವವರಿಗೆ ಇದು ಗೊತ್ತಾಗುವುದು ಹೇಗೆ? ಬರೆದವರು ಎಷ್ಟೇ ದೊಡ್ಡ ಡಾಕ್ಟರಾಗಿರಲಿ.

ಮೊದಲ ಬಗೆಗೂ ಒಂದು ಗುಣವಿದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು, ಬೊಟುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ಶಿರಸಿಯ ಅಜ್ಜಿಗೆ, ಅದೂ ಮನೆಯ ಪೆಟ್ಟಿಗೆಯ ಜೇನಿನ ಬಗ್ಗೆ, ಈ ಮಾತು ಒಪ್ಪಿಸಬೇಕಲ್ಲ! ರೋಗಿಗಳ ಜೊತೆ ಮಾತಾಡಿ ಪಳಗಿದವರಿಗೆ ಆ ಜಾಣ್ಮೆ ಜಾಸ್ತಿ.

ಯಾವುದೇ ಇರಲಿ, ಕೆಳಗೆ ಟಾನಿಕ್ ಮಾರುತ್ತಾ, ದುಡ್ಡು ಕೊಟ್ಟವರು ಯಾರೆಂದು ಹೇಳದಿದ್ದರೆ ಸುಮ್ನೆ ಮುಚ್ಚಿಬಿಡಿ.