ಪೆಂಗ್ವಿನ್–ನೃತ್ಯ ಪದಬಂಧ ಕಾರ್ಡುಗಳು: ಒಂದೂವರೆ ವರ್ಷ ಬಳಸಿದ ಮೇಲೆ

ಪೆಟ್ಟಿಗೆಯಲ್ಲಿ ಇರುವುದು 60 ಲ್ಯಾಮಿನೇಟ್ ಕಾರ್ಡು, ಒರೆಸಬಹುದಾದ ಎರಡು ಮಾರ್ಕರ್, ಒಂದು ಉತ್ತರ ಪುಸ್ತಿಕೆ. ಅರ್ಧ ಕಾರ್ಡು ಪೆಂಗ್ವಿನ್ ಮೇಲೆ, ಅರ್ಧ ನೃತ್ಯದ ಮೇಲೆ. ಮುಂಭಾಗದಲ್ಲಿ ಒಗಟು, ಹಿಂಭಾಗದಲ್ಲಿ ಸ್ವಾರಸ್ಯದ ಸಂಗತಿ. ಒಗಟು ಕಟ್ಟುವಾಗ ಕನ್ನಡದ ಅಕ್ಷರವನ್ನು ನೆನಪಿಟ್ಟುಕೊಂಡ ಕಡೆಯೆಲ್ಲ ಸೆಟ್ ಸೊಗಸಾಗಿದೆ. ಇಂಗ್ಲಿಷ್ ಒಗಟನ್ನು ಎತ್ತಿ ತಂದಿಟ್ಟ ಕಡೆ ಮುಗ್ಗರಿಸಿದೆ.

ಪದಬಂಧಗಳೇ ಇದರ ಜೀವಾಳ. ಒಂದು ಮನೆಗೆ ಒಂದು ಅಕ್ಷರ, ಒತ್ತು, ಗುಣಿತ, ಅನುಸ್ವಾರ ಎಲ್ಲ ಸೇರಿ. ‘ನೃತ್ಯ’ಕ್ಕೆ ಎರಡೇ ಮನೆ, ‘ತಾಂಡವ’ಕ್ಕೆ ಮೂರು, ‘ಭರತನಾಟ್ಯ’ಕ್ಕೆ ಐದು. ಮಕ್ಕಳು ಮೊದಮೊದಲು ‘ನರ್ತನ’ದ ‘ರ್’ ಮತ್ತು ‘ತ’ವನ್ನು ಬೇರೆ ಬೇರೆ ಮನೆಯಲ್ಲಿ ಬರೆದು, ಕೊನೆಗೆ ‘ನ’ಕ್ಕೆ ಜಾಗ ಸಾಲದೆ ಒದ್ದಾಡುತ್ತಾರೆ. ಮಾರ್ಕರ್ ಹಿಡಿಯುವ ಮೊದಲು ಪದವನ್ನು ಬಾಯಲ್ಲಿ ಬಿಡಿಸಿ, ಬೆರಳು ಮಡಚಿ ಎಣಿಸಿದರೆ ಈ ತಪ್ಪು ಎರಡು ಮೂರು ಕಾರ್ಡಿಗೇ ನಿಲ್ಲುತ್ತದೆ. ‘ಮೊಟ್ಟೆ’ ಎಡದಿಂದ ಬಲಕ್ಕೆ, ‘ಹೊಟ್ಟೆ’ ಮೇಲಿನಿಂದ ಕೆಳಕ್ಕೆ, ಎರಡೂ ‘ಟ್ಟೆ’ಯಲ್ಲಿ ಸೇರುವ ಕಾರ್ಡು ಇಡೀ ಸೆಟ್‌ನಲ್ಲೇ ಒಳ್ಳೆಯದು. ಸುಳಿವಿಗೂ ಅರ್ಥವಿದೆ: ಎಂಪರರ್ ಪೆಂಗ್ವಿನ್ ಗಂಡು ಮೊಟ್ಟೆಯನ್ನು ಕಾಲ ಮೇಲಿಟ್ಟುಕೊಂಡು, ಹೊಟ್ಟೆಯ ಚರ್ಮದ ಮಡಿಕೆ ಹೊದಿಸಿ, ಸುಮಾರು 65 ದಿನ ಏನನ್ನೂ ತಿನ್ನದೆ ಕಾವು ಕೊಡುತ್ತದೆ.

ಎರವಲು ಪದಗಳು ಬಂದಾಗ ಕಥೆ ಬೇರೆ. ‘ಪೆಂಗ್ವಿನ್’ ಎಂದರೆ ಪೆಂ, ಗ್ವಿ, ನ್. ಈ ‘ನ್’ ಕೂತ ಮನೆಯನ್ನು ಹಾದುಹೋಗುವ ಪದವೂ ಅರ್ಧಾಕ್ಷರದಲ್ಲೇ ಮುಗಿಯಬೇಕು. ಕನ್ನಡದ ಪದಗಳೋ ಹೆಚ್ಚುಕಡಿಮೆ ಸ್ವರದಲ್ಲೇ ಮುಗಿಯುವಂಥವು. ಹಾಗಾಗಿ ಇಂಥ ಪದಗಳೆಲ್ಲ ಅಂಚಿಗೆ ಬಿದ್ದಿವೆ. ಒಂದೆರಡು ಕಾರ್ಡು ಆಡಿದವರಿಗೆ ಅಂಚಿನ ಮನೆ ನೋಡಿದ ಕೂಡಲೇ ಉತ್ತರ ಹೊಳೆದುಬಿಡುತ್ತದೆ.

ಅಕ್ಷರ ಕಲಸಿ ಕೊಟ್ಟ ಕಾರ್ಡುಗಳದ್ದೂ ಇದೇ ಪಾಡು. ಬಿಡಿ ಸ್ವರ ಇದ್ದರೆ ಅದು ಪದದ ಮೊದಲಿಗೇ ಬರಬೇಕು, ‘ನ್’, ‘ರ್’ ಇದ್ದರೆ ಕೊನೆಗೇ. ‘ಅಂಟಾರ್ಕ್ಟಿಕಾ’ವನ್ನು ಎಷ್ಟು ಕಲಸಿದರೂ ‘ಅಂ’ ಗುಟ್ಟು ಬಿಟ್ಟುಕೊಡುತ್ತದೆ. ನಿಜಕ್ಕೂ ತಲೆ ತಿನ್ನುವುದು ‘ರಂಗಮಂಟಪ’, ‘ತಾಳವಾದ್ಯ’ದಂಥ ಪದಗಳು. ಅವು ಇನ್ನೂ ಬೇಕಿತ್ತು.

ಪದ ಹುಡುಕುವ ಚೌಕಗಳು 10×10. ಖಾಲಿ ಮನೆಗಳಿಗೆ ಬರೀ ಕ, ಗ, ಮ ತುಂಬಿದ್ದರಿಂದ ಒತ್ತಕ್ಷರ ಇರುವ ಪದ ದೂರದಿಂದಲೇ ಎದ್ದು ಕಾಣುತ್ತದೆ. ‘ನರ್ತನ’ ಹಿಂದುಮುಂದು ಹೇಗೆ ಓದಿದರೂ ಒಂದೇ ಎನ್ನುವುದನ್ನು ತಯಾರಿಸಿದವರು ಗಮನಿಸಿದಂತಿಲ್ಲ. ‘ಬಲದಿಂದ ಎಡಕ್ಕೆ ಹುಡುಕಿ’ ಎಂದು ಸೂಚನೆ ಬೇರೆ ಇದೆ!

ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸುವ ಏಣಿ ಒಗಟುಗಳಲ್ಲಿ ಉತ್ತರ ಪುಸ್ತಿಕೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ‘ಮೀನು’ವಿನಿಂದ ‘ನೀರು’ ಮುಟ್ಟಲು ನಡುವೆ ‘ಮೀರು’ ಎಂದು ಪುಸ್ತಿಕೆ ಹೇಳುತ್ತದೆ. ‘ನೀನು’ ಎಂದರೂ ಅಷ್ಟೇ ಸರಿ. ಸರಿ ಉತ್ತರ ಬರೆದ ಮಗುವಿಗೆ ತಪ್ಪು ಹಾಕುವ ಮೊದಲು ಎರಡೂ ಮೆಟ್ಟಿಲು ಪರೀಕ್ಷಿಸಿ.

ಹಿಂಭಾಗದ ಸಂಗತಿಗಳು ಬಹುತೇಕ ಸರಿಯಿವೆ. ಚಿನ್‌ಸ್ಟ್ರಾಪ್ ಪೆಂಗ್ವಿನ್ ಗೂಡು ಕಾಯುವಾಗ ಒಂದೊಂದು ಸಲಕ್ಕೆ ಸುಮಾರು 4 ಸೆಕೆಂಡಿನಂತೆ ದಿನಕ್ಕೆ 10,000ಕ್ಕೂ ಹೆಚ್ಚು ಬಾರಿ ತೂಕಡಿಸುತ್ತದೆ, ಒಟ್ಟು ಸೇರಿಸಿದರೆ 11 ಗಂಟೆಗೂ ಮೀರುತ್ತದೆ ಎಂಬ ಕಾರ್ಡಿಗೆ ಬೇಡಿಕೆ ಹೆಚ್ಚು. ನೃತ್ಯದ ಕಡೆ ನೃತ್ತ, ನೃತ್ಯ, ನಾಟ್ಯಗಳ ವ್ಯತ್ಯಾಸ ಚೊಕ್ಕವಾಗಿದೆ: ಬರೀ ಲಯದ ಚಲನೆ ನೃತ್ತ, ಭಾವ ಬೆರೆತರೆ ನೃತ್ಯ, ಕಥೆಯನ್ನು ಅಭಿನಯಿಸಿದರೆ ನಾಟ್ಯ. ಏಪ್ರಿಲ್ 29ರ ವಿಶ್ವ ನೃತ್ಯ ದಿನವೂ ಇದೆ. ಜೇನುನೊಣದ ಕುಣಿತವನ್ನು ಬಿಡಿಸಿ ಓದಿದ ಕಾರ್ಲ್ ಫಾನ್ ಫ್ರಿಶ್ 1973ರಲ್ಲಿ ನೊಬೆಲ್ ಪಡೆದದ್ದೂ ಇಲ್ಲಿದೆ.

ಮೂರು ಕಾರ್ಡುಗಳನ್ನು ಮಾತ್ರ ತಿದ್ದಿಟ್ಟುಕೊಳ್ಳಬೇಕು. ಪೆಂಗ್ವಿನ್‌ಗೆ ಮಂಡಿಯೇ ಇಲ್ಲ ಎಂದಿರುವುದು ತಪ್ಪು; ಇದೆ, ಗರಿಯೊಳಗೆ ಮುಚ್ಚಿಕೊಂಡಿದೆ. ಇನ್ನೊಂದರಲ್ಲಿ ಪೆಂಗ್ವಿನ್ ಪಕ್ಕ ಹಿಮಕರಡಿ ನಿಂತಿದೆ. ಹಿಮಕರಡಿ ಇರುವುದು ಉತ್ತರ ಧ್ರುವದ ಕಡೆ, ಅಲ್ಲಿ ಪೆಂಗ್ವಿನ್ ಇಲ್ಲ. ಮೂರನೆಯದರಲ್ಲಿ ‘ನೀರಿನಲ್ಲಿ ತೇಲುವ ಪೆಂಗ್ವಿನ್ ಗುಂಪು’ ಎಂಬ ಸುಳಿವಿಗೆ ಉತ್ತರ ‘ತೆಪ್ಪ’. ಇಂಗ್ಲಿಷಿನಲ್ಲಿ ಅಂಥ ಗುಂಪಿಗೆ ರಾಫ್ಟ್ ಎನ್ನುತ್ತಾರೆ, ಅದನ್ನೇ ಅನುವಾದಿಸಿ ಕೂರಿಸಿದ್ದಾರೆ. ಕನ್ನಡದಲ್ಲಿ ಯೋಚಿಸುವವರಿಗೆ ಇದು ಹೊಳೆಯುವುದಾದರೂ ಹೇಗೆ? ಸುಳಿವನ್ನು ‘ಹೊಳೆ ದಾಟಿಸುವ ಮರದ ಸಾಧನ’ ಎಂದು ಬದಲಿಸಿ ಆಡಿಸಿ.

ಬಾಳಿಕೆ ಪರವಾಗಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ಕಾರ್ಡುಗಳ ಮೂಲೆಯಿಂದ ನೀರು ಒಳಹೋಗಿ ಲ್ಯಾಮಿನೇಷನ್ ಏಳುತ್ತದೆ, ಆದ್ದರಿಂದ ಒಣ ಹತ್ತಿ ಬಟ್ಟೆಯೇ ಸಾಕು. ಬರೆದು ವಾರಗಟ್ಟಲೆ ಬಿಟ್ಟರೆ ಶಾಯಿಯ ನೆರಳು ಉಳಿಯುತ್ತದೆ. ಅದರ ಮೇಲೆ ಅದೇ ಮಾರ್ಕರ್‌ನಿಂದ ಮತ್ತೆ ಗೀಚಿ, ಒಣಗುವ ಮೊದಲೇ ಒರೆಸಿದರೆ ಹಳೆಯದೂ ಜೊತೆಗೇ ಎದ್ದು ಬರುತ್ತದೆ. ಜೊತೆಗೆ ಬರುವ ಮಾರ್ಕರ್‌ಗಳ ತುದಿ ದಪ್ಪ, ಒತ್ತಕ್ಷರ ಬರೆದರೆ ಕೆಳಗಿನ ಮನೆಗೆ ಇಳಿಯುತ್ತದೆ. ತೆಳು ತುದಿಯದನ್ನು ಬೇರೆ ತೆಗೆದುಕೊಂಡು, ಮುಚ್ಚಳ ಹಾಕಿ ಅಡ್ಡ ಮಲಗಿಸಿಡಿ.