ಸ್ನೇಕ್ ಪ್ಲಾಂಟಿಗೆ ಐದು ಸ್ಟಾರ್, ನರ್ಸರಿಗೆ ಎರಡು
ಎಂಟು ತಿಂಗಳ ಹಿಂದೆ ತುಮಕೂರಿನ ಒಂದು ನರ್ಸರಿಯಲ್ಲಿ ಈ ಸ್ನೇಕ್ ಪ್ಲಾಂಟ್ ತಗೊಂಡೆ, ಕತ್ತಿಯ ಹಾಗೆ ನೆಟ್ಟಗೆ ನಿಲ್ಲುವ ದಪ್ಪ ಎಲೆಯ ಗಿಡ. ಕುಂಡ ಸೇರಿ 180 ರೂಪಾಯಿ. "ದಿನಾ ಒಂದು ಲೋಟ ನೀರು ಹಾಕಿ ಮೇಡಂ" ಅಂದರು. ಹಾಕಿದೆ. ಮೂರೇ ವಾರಕ್ಕೆ ಒಂದು ಎಲೆ ಬುಡದಲ್ಲಿ ಹಳದಿಯಾಗಿ, ಮುಟ್ಟಿದರೆ ಕೊಳೆತ ಬಾಳೆಹಣ್ಣಿನ ಹಾಗೆ ಮೆತ್ತಗಾಗಿತ್ತು. ಕಿತ್ತು ನೋಡಿದರೆ ಬರೀ ಅಂಟು ಕೆಮ್ಮಣ್ಣು. ಕುಂಡದ ತಳದಲ್ಲಿ ತೂತೇ ಇಲ್ಲ!

ಕೊಳೆತ ಬೇರು ಕತ್ತರಿಸಿ, ಮಣ್ಣಿಗೆ ಮರಳು, ತೆಂಗಿನ ನಾರಿನ ಪುಡಿ ಬೆರೆಸಿ ಮತ್ತೆ ನೆಟ್ಟೆ. ಪುಡಿ ತಿಪಟೂರಿನ ಅಮ್ಮನ ಮನೆಯದು. ಅಲ್ಲಿ ತೆಂಗಿಗೇನು ಬರವೇ? ಈಗ ಬೆರಳಿಟ್ಟು ನೋಡಿ, ಮಣ್ಣು ಪೂರ್ತಿ ಒಣಗಿದ್ದರೆ ಮಾತ್ರ ನೀರು. ಹದಿನೈದು ದಿನಕ್ಕೊಮ್ಮೆ ಸಾಕು, ಮಳೆಗಾಲದಲ್ಲಿ ಇನ್ನೂ ಕಮ್ಮಿ. ಕಿಟಕಿಯಿಂದ ದೂರ, ಟಿವಿ ಪಕ್ಕ ಇಟ್ಟಿದ್ದೀನಿ. ಮೊನ್ನೆ ಬುಡದಲ್ಲಿ ಒಂದು ಮರಿ ಎದ್ದಿದೆ, ಕಿರುಬೆರಳಿನಷ್ಟು.